ಕೋಲು ಕೆಳಗಿಟ್ಟವನು

ಫೆಬ್ರವರಿ ೩

ಪ್ರೀತಿಯ ಅಣ್ಣನಿಗೆ,

ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ. ಅದಕ್ಕೂ ಮೊದಲು ಬರೆಯಬೇಕಾದದ್ದೊಂದಿದೆ. ಅದನ್ನು ಬರೆಯುವ ತನಕ ನನಗೆ ಊಟ ಸೇರುವುದಿಲ್ಲ.

ಹೋದ ವಾರ ನಮ್ಮ ಪ್ರೆಸ್ಸಿಗೆ ಹೊಸ ಕರಪತ್ರವೊಂದು ಅಚ್ಚಿಗೆ ಬಂತು. ನನ್ನ ಕೆಲಸ ನಿನಗೆ ಗೊತ್ತಲ್ಲ, ಬೈಂಡಿಂಗ್ ಮೇಜಿನ ಮುಂದೆ ಕೂತು ಹಾಳೆ ಮಡಚುವುದು, ಬೆನ್ನಿಗೆ ಪಿನ್ನು ಹೊಡೆಯುವುದು, ಕಟ್ಟು ಮಾಡಿ ಕತ್ತರಿಸಲು ಕಳಿಸುವುದು. ಮಡಚುತ್ತ ಓದುತ್ತೇನೆ, ಓದುತ್ತ ಕೈ ನಿಧಾನವಾಗುತ್ತದೆ. "ಏನಮ್ಮಾ ತಾಯಿ, ನಿನಗೆ ಸಂಬಳ ಕೊಡೋದು ಮಡಚೋಕಾ, ಉದ್ಧಾರ ಆಗೋಕಾ?" ಎನ್ನುತ್ತಾರೆ ಮೇಸ್ತ್ರಿ. ಅವರಿಗೇನು, ಅದೇ ಮಶೀನಿನಲ್ಲಿ ಬೆಳಿಗ್ಗೆ ರಕ್ಷಣೆಯ ಮಾರ್ಗ, ಮಧ್ಯಾಹ್ನ ಬ್ರಾಂದಿ ಬಾಟಲಿಯ ಲೇಬಲ್ಲು. ಎರಡಕ್ಕೂ ಒಂದೇ ಮಸಿ.

ಕರಪತ್ರ ಹೇಳುವುದಿಷ್ಟು. ನಂಬಿದ್ದೇನೆ ಎಂದು ಬಾಯಲ್ಲಿ ಹೇಳುವುದು ನಂಬಿಕೆಯಲ್ಲ. ಡಾಕ್ಟರನ್ನು ಪೂರ್ತಿ ನಂಬುತ್ತೇನೆ ಎಂದು ಹೇಳಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವನನ್ನು ಏನೆನ್ನುತ್ತೀಯ? ಪ್ರಭು ಹೇಳಿದ್ದನ್ನು ಮಾಡಿದವನು ನಂಬಿದವನು. ಮಾಡದವನು ನಂಬದವನು. ಇವರಿಬ್ಬರ ನಡುವೆ ಮೂರನೆಯ ಜಾತಿ ಇಲ್ಲ.

ಓದಿದ ಕೂಡಲೇ ನೆನಪಾದದ್ದು ನಿನ್ನ ಮನೆಯ ಬಾಗಿಲ ಹಿಂದೆ ಕಂಡ ಕೋಲು. ನಾನು ಬಂದಿದ್ದಾಗ ಅತ್ತಿಗೆ ಅದನ್ನು ನೆಲ ಒರೆಸುವ ಬಟ್ಟೆಯಿಂದ ಮುಚ್ಚಿದರು. ಮುಟ್ಟಿದರೆ ಎಣ್ಣೆ ಜಿಡ್ಡು. ಏನಿದು ಎಂದು ಕೇಳಿದರೆ "ನಾಯಿ ಜಾಸ್ತಿ ಆಗಿವೆ" ಅಂದೆ. ನಿನ್ನ ಬೀದಿಯಲ್ಲಿ ನಾನು ಒಂದೂ ನಾಯಿ ಕಾಣಲಿಲ್ಲ ಅಣ್ಣ. ನೀನು ಜೈಲಿನ ವಾರ್ಡರ್. ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವನು. ಸೋಮವಾರ ನಿನ್ನ ಕೈ ಯಾರ ಮಾತು ಕೇಳುತ್ತದೆ?

ಅಮ್ಮನ ಮಂಡಿ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ. ಇಗೋ, ಕ್ಷೇಮ ಸಮಾಚಾರ ಮುಗಿಯಿತು.

ನಿನ್ನ ತಂಗಿ


ಫೆಬ್ರವರಿ ೨೧

ನಮ್ಮ ಬೆಂಕಿಪೊಟ್ಟಣಕ್ಕೆ,

ನಿನ್ನ ಪತ್ರ ಬಿಡಿಸುವಾಗ ಬೆರಳು ಸುಟ್ಟಿತು. ನಿನ್ನ ಅತ್ತಿಗೆ "ನೀರು ಹಾಕಿ ಓದಿ" ಅಂದಳು.

ಇಲ್ಲಿ ಎಲ್ಲ ಕ್ಷೇಮ. ಕ್ವಾರ್ಟರ್ಸಿನ ತಾರಸಿ ಸೋರುತ್ತದೆ, ಅರ್ಜಿ ಕೊಟ್ಟಿದ್ದೇನೆ, ಅರ್ಜಿಯೂ ಎಲ್ಲೋ ನೆನೆಯುತ್ತಿರಬೇಕು. ಕೆಲಸವೆಂದರೆ ಬೀಗ ತೆಗೆಯುವುದು, ಬೀಗ ಹಾಕುವುದು, ತಲೆ ಎಣಿಸುವುದು. ಹೆಡ್ ವಾರ್ಡರ್ ಇದ್ದಾರಲ್ಲ, ನಾವೆಲ್ಲ ಮಾವ ಅಂತ ಕರೆಯುವವರು, ನನಗೆ ಹೆಣ್ಣು ನೋಡಿ ಮದುವೆ ಮಾಡಿಸಿದವರು, ನಿನ್ನನ್ನು ಕೇಳಿದರು. "ತಂಗಿಗೂ ಗಂಡು ನೋಡ್ಲೇನೋ?" ಅಂದರು. "ಮೊದಲು ಗಂಡಿಗೆ ವಿಮೆ ಮಾಡ್ಸಿ ಮಾವ" ಅಂದೆ.

ನಿನ್ನ ಕರಪತ್ರದವರು ಹೇಳುವುದು ಸರಿಯೇ ಇರಬಹುದು. ಆದರೆ ಅಧಿಕಾರದಲ್ಲಿರುವವರಿಗೆ ತಗ್ಗಿ ನಡೆಯಿರಿ ಅಂತಲೂ ದೇವರ ವಾಕ್ಯದಲ್ಲಿ ಇದೆ. ಮೇಲಿನವರ ಮಾತು ಮೀರಿದರೆ ನನ್ನ ಮನೆಯ ಒಲೆ ಹೊತ್ತುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ನಡೆಸಿಕೊಂಡು ಹೋಗುತ್ತಿದ್ದೇನೆ.

ಕೋಲು ನಾಯಿಗೇ. ನೀನು ಬಂದಾಗ ಅವು ಬೇರೆ ಬೀದಿಗೆ ಹೋಗಿದ್ದವು.

ಅಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ಅಣ್ಣ


ಮಾರ್ಚ್ ೪

ಅಣ್ಣ,

ಪ್ರೆಸ್ಸಿನ ಕತ್ತರಿಸಿದ ಅಂಚುಗಳನ್ನು ಕೊಳ್ಳಲು ರದ್ದಿಯವನೊಬ್ಬ ಬರುತ್ತಾನೆ. ಮುಂದಿನ ಹಲ್ಲುಗಳಿಲ್ಲ. ನಿನ್ನ ಊರಿನ ಹೆಸರು ಹೇಳಿದೆ. "ಆ ಜೈಲಾ? ನಾನು ಅಲ್ಲೇ ಇದ್ದೆ ಕಣಮ್ಮ, ಹಲ್ಲು ಅಲ್ಲೇ ಬಿಟ್ಟು ಬಂದೆ" ಎಂದು ನಕ್ಕ. ಆಮೇಲೆ ಸಾಲಿನ ವಿಷಯ ಹೇಳಿದ. ಹೊಸದಾಗಿ ಬಂದವನು ಎರಡು ಸಾಲು ವಾರ್ಡರುಗಳ ನಡುವೆ ಓಡಬೇಕಂತೆ. ಎರಡೂ ಕಡೆಯಿಂದ ಕೋಲು.

"ಎಣ್ಣೆ ಹಚ್ಚಿದ ಕೋಲು ಇರುತ್ತಾ?" ಎಂದು ಕೇಳಿದೆ.

"ಎಣ್ಣೆ ಕುಡಿದ ಕೋಲು ಬಳುಕುತ್ತೆ, ಚರ್ಮ ಸೀಳಲ್ಲ. ಒಣಗಿದ್ದು ಸೀಳುತ್ತೆ. ಎಣ್ಣೆ ಹಚ್ಚೋನು ಒಳ್ಳೆಯವನು ಅಂತ ನಾವು ಅಂದ್ಕೋತಿದ್ವಿ."

ನನ್ನ ಅಣ್ಣ ಒಳ್ಳೆಯವನು! ಎಣ್ಣೆ ಹಚ್ಚುತ್ತಾನೆ! ಆ ರದ್ದಿಯವನ ಮುಂದೆ ನಾನು ಹಾಳೆಯ ಕಟ್ಟು ಕೆಳಗೆ ಬೀಳಿಸಿ, ಅದನ್ನು ಆರಿಸುವ ನೆಪದಲ್ಲಿ ಮೇಜಿನಡಿ ಮುಖ ಮುಚ್ಚಿಕೊಂಡು ಕೂತೆ.

ತಗ್ಗಿ ನಡೆಯಿರಿ ಎಂಬ ವಾಕ್ಯ ನನಗೆ ತೋರಿಸಬೇಡ. ನಮ್ಮ ಪ್ರಭುವಿಗೆ ಚಾಟಿಯಿಂದ ಹೊಡೆದವರೂ ಮೇಲಿನವರಿಗೆ ತಗ್ಗಿ ನಡೆದವರೇ. ಅವರಿಗೂ ಮನೆಯಿತ್ತು, ಒಲೆಯಿತ್ತು. ಅವರ ಒಲೆ ಹೊತ್ತಿದ್ದಕ್ಕೆ ದೇವರು ಅವರನ್ನು ಮೆಚ್ಚಿದನೇ?

ಹಾವು, ಕೋಲು ಅಂದೆಯಲ್ಲ. ಕೋಲು ಮುರಿ ಎಂದೇ ನಾನು ಹೇಳುವುದು. ಮುಂದಿನ ಸಲ ಸಾಲು ನಿಂತಾಗ ಅದನ್ನು ಕೆಳಗಿಡು. ರಾಜೀನಾಮೆ ಬೇಡ, ಭಾಷಣ ಬೇಡ, ಕೆಳಗಿಡು, ಸಾಕು. ಒಂದು ಆಜ್ಞೆಯನ್ನು ಒಂದು ಸಲ ಪಾಲಿಸಿ ತೋರಿಸು. ಆಗದಿದ್ದರೆ ಇನ್ನು ಊರಿಗೆ ಬಂದಾಗ ಚರ್ಚಿನಲ್ಲಿ ಪ್ರಭುವಿನ ಮೇಜಿನ ಮುಂದೆ ನನ್ನ ಪಕ್ಕ ರೊಟ್ಟಿಗೆ ಕೈಯೊಡ್ಡಿ ಕೂರಬೇಡ. ನಾನು ಎದ್ದು ಹೋಗುತ್ತೇನೆ, ಎಲ್ಲರ ಎದುರಿಗೇ.

ತಂಗಿ


ಮಾರ್ಚ್ ೧೮

ತಂಗಿ,

ಸರಿ. ನಾಯಿಗಲ್ಲ.

ವ್ಯಾನು ನಿಲ್ಲುವ ಜಾಗದಿಂದ ಒಳಬಾಗಿಲ ತನಕ ಒಂದು ಓಣಿ, ಎರಡೂ ಕಡೆ ಎತ್ತರದ ಗೋಡೆ. ನಾವು ಗೋಡೆಗೆ ಬೆನ್ನು ಹಾಕಿ ಎದುರುಬದುರು ನಿಲ್ಲುತ್ತೇವೆ. ಹೊಸಬ ನಡುವೆ ಓಡುತ್ತಾನೆ. ಬೇಗ ಓಡಿದವನಿಗೆ ಕಡಿಮೆ. ಬಿದ್ದವನಿಗೆ ಏಳುವ ತನಕ. ಮಾವ ಕೊನೆಯಲ್ಲಿ ಒಳಬಾಗಿಲ ಹತ್ತಿರ ನಿಂತಿರುತ್ತಾರೆ. "ಹೊರಗೆ ಇವನು ಯಾವ ಶೂರನೋ, ಒಳಗೆ ಕಾಲಿಡೋವಾಗ ತಾನು ಯಾರೂ ಅಲ್ಲ ಅಂತ ತಿಳ್ಕೊಂಡೇ ಇಡ್ಬೇಕು" ಅನ್ನುವುದು ಅವರ ಮಾತು. ಯಾರಾದರೂ ಮೆತ್ತಗೆ ಹೊಡೆದರೆ ಅವರಿಗೆ ಸದ್ದಿನಿಂದಲೇ ಗೊತ್ತಾಗುತ್ತದೆ. ಮೆತ್ತಗೆ ಹೊಡೆದವನನ್ನು ಮುಂದಕ್ಕೆ ಕರೆದು, ಬಿದ್ದವನ ಮೇಲೆ ಒಬ್ಬನೇ ಹೊಡೆಯುವಂತೆ ಮಾಡುತ್ತಾರೆ, ಎಲ್ಲರೂ ನೋಡುವ ಹಾಗೆ. ನನ್ನಿಂದಲೂ ಮಾಡಿಸಿದ್ದಾರೆ. ಆ ಮನುಷ್ಯ ನನ್ನ ಬೂಟು ಹಿಡಿದುಕೊಂಡಿದ್ದ. ಬೂಟು ಬಿಡಿಸಿಕೊಳ್ಳಲು ಅವನ ಬೆರಳಿನ ಮೇಲೆ ಹೊಡೆದೆ.

ಮೊದಲನೆಯ ಸಲ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಎರಡನೆಯ ಸಲ ಕೈ ತೊಳೆದು ಊಟಕ್ಕೆ ಕೂತೆ. ಆಮೇಲೆ ಒಂದು ದಿನ ಕೈ ತೊಳೆಯುವುದೂ ಮರೆತುಹೋಯಿತು.

ನಿನಗೆ ಸಿಟ್ಟು ಬರುವುದು ನ್ಯಾಯವೇ. ಆದರೆ ನೀನು ಮಡಚುವ ಕಾಗದದಿಂದ ರಕ್ತ ಬರುವುದಿಲ್ಲ ತಂಗಿ. ಅಲ್ಲಿ ಕೂತು ಇಲ್ಲಿಯದನ್ನು ಹೇಳುವುದು ಸುಲಭ. ಸಾಲಿನಲ್ಲಿ ಪಕ್ಕದವನ ಮೊಣಕೈ ನನ್ನ ಪಕ್ಕೆಗೆ ತಾಗಿಕೊಂಡೇ ಇರುತ್ತದೆ. ಅವನು ಕೈ ಎತ್ತಿದರೆ ನನ್ನ ಕೈ ತಾನೇ ಏಳುತ್ತದೆ. ಅದಕ್ಕೆ ಸಿಟ್ಟೂ ಬೇಕಿಲ್ಲ.

ಮುಂದಿನ ವಾರ ಒಬ್ಬ ಹಮಾಲಿ ಬರುತ್ತಾನೆ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಏನೋ ಜಗಳದಲ್ಲಿ ಪೊಲೀಸ್ ಪೇದೆಯೊಬ್ಬನ ತೊಡೆಗೆ ಮೂಟೆ ಎತ್ತುವ ಕೊಕ್ಕೆ ಹಾಕಿ ಸೀಳಿದ, ಪೇದೆ ರಕ್ತ ಹೋಗಿ ಸತ್ತ. ಸತ್ತವನನ್ನು ಇಲ್ಲಿ ಎಲ್ಲರೂ ಬಲ್ಲರು. ಮಾವ ಕೋಲುಗಳನ್ನೆಲ್ಲ ತರಿಸಿ ಬಿಸಿಲಿಗೆ ಹಾಕಿಸಿದ್ದಾರೆ, ಎಣ್ಣೆ ಆರಲಿ ಅಂತ.

ನನಗಾಗಿ ಪ್ರಾರ್ಥಿಸು. ಏನಂತ ಪ್ರಾರ್ಥಿಸಿದೆ ಅಂತ ಮಾತ್ರ ಬರೆಯಬೇಡ.

ಅಣ್ಣ


ಮಾರ್ಚ್ ೨೩

ಅಣ್ಣ,

ಕಾಗದದಿಂದ ರಕ್ತ ಬರುವುದಿಲ್ಲ ಅಂದೆ. ಸರಿ, ಒಪ್ಪಿದೆ. ಆದರೆ ನಿನ್ನ ಪತ್ರದಲ್ಲಿ ನೀನು ಒಂದು ಕಡೆಯೂ "ನಾನು ಇಡುವುದಿಲ್ಲ" ಎಂದು ಬರೆದಿಲ್ಲ! ನಾನು ಮತ್ತೆ ಮತ್ತೆ ಓದಿ ನೋಡಿದೆ. ನನಗೆ ಅಷ್ಟು ಸಾಕು. ನಿನ್ನೊಳಗೆ ಪ್ರಭು ಆಗಲೇ ಕೆಲಸ ಶುರುಮಾಡಿದ್ದಾನೆ.

ಆ ಹಮಾಲಿಯನ್ನು ದೇವರೇ ನಿನ್ನ ಮುಂದಕ್ಕೆ ಕಳಿಸುತ್ತಿದ್ದಾನೆ ಎಂದು ತಿಳಿ. ನಿರಪರಾಧಿಯ ಮುಂದೆ ಯಾರು ಬೇಕಾದರೂ ಕೈ ಕೆಳಗಿಳಿಸಬಹುದು. ಇವನು ಕೊಲೆಗಾರ, ಶತ್ರು. ಶತ್ರುವನ್ನು ಪ್ರೀತಿಸು ಎಂಬುದು ಇಂಥವನಿಗಾಗಿಯೇ ಹೇಳಿದ ಮಾತು. ಹೆದರಬೇಡ. ಆಜ್ಞೆ ಕೊಟ್ಟವನು ಕಾಯುತ್ತಾನೆ. ನಿನ್ನ ಕೂದಲೂ ಕೊಂಕುವುದಿಲ್ಲ.

ಒಂದು ಹೊಸ ಕರಪತ್ರ ಇಟ್ಟಿದ್ದೇನೆ. ನಾನೇ ಮಡಚಿದ್ದು.

ನಿನ್ನ ಹೆಮ್ಮೆಯ ತಂಗಿ


ಏಪ್ರಿಲ್ ೯

ನಾದಿನಿಗೆ,

ನಿಮ್ಮಣ್ಣ ಬರೆಯುವ ಸ್ಥಿತಿಯಲ್ಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಎಡಗಣ್ಣು ಹೋಯಿತು. ತೆಗೆದುಬಿಟ್ಟರು. ದವಡೆಗೆ ತಂತಿ ಕಟ್ಟಿದ್ದಾರೆ, ನಳಿಕೆಯಲ್ಲಿ ಗಂಜಿ ಕುಡಿಯುತ್ತಾರೆ. ಪಕ್ಕೆಲುಬು ಮುರಿದಿವೆ. ಬದುಕುತ್ತಾರೆ ಅಂದಿದ್ದಾರೆ.

ಹೊಸದಾಗಿ ಬಂದ ಒಬ್ಬ ಹಮಾಲಿ ಇವರ ಕೋಲನ್ನೇ ಕಿತ್ತುಕೊಂಡು ಹೊಡೆದನಂತೆ. ಹೆಡ್ ವಾರ್ಡರ್ ಮಾವ ಹೇಳಿದರು. ದಿನಾ ಆಸ್ಪತ್ರೆಗೆ ಬರುತ್ತಾರೆ, ಹಣ್ಣು ತರುತ್ತಾರೆ, ಮಂಚದ ಪಕ್ಕ ಕೂತು ಅಳುತ್ತಾರೆ. ಮುಂದಿನ ತಿಂಗಳು ಮೇಲಿನ ಅಧಿಕಾರಿಗಳ ವಿಚಾರಣೆ ಇದೆ. ಇವರು ನಡೆದದ್ದು ಹೇಳಿದರೆ ಸಾಕು, ನೌಕರಿಯೂ ಉಳಿಯುತ್ತದೆ, ಮುಂದಿನ ಚಿಕಿತ್ಸೆಯನ್ನೂ ಸರ್ಕಾರವೇ ಮಾಡಿಸುತ್ತದೆ.

ಅತ್ತೆಗೆ ಹೇಗೆ ಹೇಳುತ್ತೀಯೋ ನೀನೇ ನೋಡಿಕೋ. ಒಂದು ಮಾತು, ಇನ್ನು ಮೇಲೆ ಕರಪತ್ರ ಕಳಿಸಬೇಡ. ಇವರ ಶರ್ಟಿನ ಜೇಬಿನಲ್ಲಿ ಒಂದು ಸಿಕ್ಕಿತು. ಶರ್ಟು ತೊಳೆದರೂ ರಕ್ತದ ಕಲೆ ಹೋಗಲಿಲ್ಲ, ಎರಡನ್ನೂ ಒಲೆಗೆ ಹಾಕಿದೆ.

ಅತ್ತಿಗೆ


ಏಪ್ರಿಲ್ ೧೩

ಅಣ್ಣ, ನನ್ನ ಅಣ್ಣ,

ಅತ್ತಿಗೆ ಇದನ್ನು ನಿನಗೆ ಓದಿ ಹೇಳಲಿ. ಅಮ್ಮನಿಗೆ ಹೇಳಿದೆ. ಅಮ್ಮ ಅಳಲಿಲ್ಲ, ತಟ್ಟೆಗಳನ್ನೆಲ್ಲ ತೆಗೆದು ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು.

ನೀನು ಕೋಲು ಇಟ್ಟೆ. ನನಗೆ ಗೊತ್ತು, ನೀನು ಇಟ್ಟೆ. ನಿನ್ನ ಕೈಯಲ್ಲಿದ್ದಿದ್ದರೆ ಅವನು ಕಿತ್ತುಕೊಳ್ಳುತ್ತಿರಲಿಲ್ಲ. ನೀನು ಅವನನ್ನು ಬಿಟ್ಟೆ, ಅವನು ನಿನ್ನ ಕಣ್ಣು ತೆಗೆದ. ನಾಯಿ! ನಾಯಿಗೇ ಆ ಕೋಲು ಅಂತ ನೀನು ಬರೆದದ್ದೇ ಸರಿ.

ನಮ್ಮಲ್ಲಿ ಕಾಗದ ಕತ್ತರಿಸುವ ಮಶೀನು ಇದೆ. ದಪ್ಪ ಕಟ್ಟನ್ನು ಅಲಗಿನಡಿ ಇಟ್ಟು ಕಾಲಿನಿಂದ ಒತ್ತಿದರೆ ಒಂದೇ ಏಟಿಗೆ ತುಂಡು. ನಿನ್ನೆಯಿಂದ ಅದರ ಮುಂದೆ ನಿಂತು ಅವನ ಕೈಯನ್ನು ಇಡುತ್ತಿದ್ದೇನೆ. ಮೊದಲು ಬೆರಳು. ಆಮೇಲೆ ಮಣಿಕಟ್ಟು. ಮೇಸ್ತ್ರಿ "ಅಂಚು ಓರೆ ಹೋಯ್ತಲ್ಲಮ್ಮ" ಅಂದಾಗ ಎಚ್ಚರವಾಯಿತು.

ವಿಚಾರಣೆಯಲ್ಲಿ ಹೇಳು. ಒಂದಕ್ಕೆ ಹತ್ತು ಸೇರಿಸಿ ಹೇಳು. ಅವನನ್ನು ಗಲ್ಲಿಗೆ ಹಾಕಲಿ, ಹಗ್ಗ ನಿಧಾನವಾಗಿ ಬಿಗಿಯಲಿ. ಕಣ್ಣಿಗೆ ಕಣ್ಣು ಅಂತಲೂ ಇದೆಯಲ್ಲ? ಇದೆ. ನಾನು ಮಡಚಿದ ಹಾಳೆಗಳಲ್ಲಿ ಅದನ್ನು ಯಾರೂ ಅಚ್ಚು ಹಾಕಲಿಲ್ಲ, ಅಷ್ಟೇ.

ಅವನಿಗಾಗಿ ಪ್ರಾರ್ಥಿಸು ಅಂತ ಪಾಸ್ಟರ್ ಹೇಳಿದರು. ಚರ್ಚಿನಿಂದ ಎದ್ದು ಬಂದೆ.

ತಂಗಿ


ಏಪ್ರಿಲ್ ೨೯

ತಂಗಿ,

ಒಂದು ಕಣ್ಣಿನಲ್ಲಿ ಬರೆಯುವುದು ಇನ್ನೂ ರೂಢಿಯಾಗಿಲ್ಲ, ಸಾಲು ಜಾರುತ್ತದೆ. ನಿನ್ನ ಪತ್ರವನ್ನು ಅತ್ತಿಗೆ ಗಟ್ಟಿಯಾಗಿ ಓದಿದಳು. ಕೊನೆಗೆ "ನಿಮ್ಮ ತಂಗಿಗೆ ಬುದ್ಧಿ ಬಂತು" ಅಂದಳು. ಮದುವೆಯಾದ ಮೇಲೆ ಮೊದಲ ಸಲ ನೀವಿಬ್ಬರೂ ಒಂದೇ ಕಡೆ ನಿಂತಿದ್ದೀರಿ. ದವಡೆಯಲ್ಲಿ ತಂತಿ ಇಲ್ಲದಿದ್ದರೆ ನಗುತ್ತಿದ್ದೆ.

ಈಗ ನಡೆದದ್ದು ಕೇಳು.

ನಾನು ಕೋಲನ್ನು ಗೋಡೆಗೆ ಒರಗಿಸಿ ಕೈಕಟ್ಟಿ ನಿಂತೆ. ದೇವರಿಗಾಗಿ ಅಂತ ಸಂತೋಷಪಡಬೇಡ. ನಿನ್ನ ಬಾಯಿಗೆ ಹೆದರಿ ನಿಂತೆ. ಪ್ರಭುವಿನ ಮೇಜಿನಿಂದ ನೀನು ಎದ್ದು ಹೋಗುವುದು ಕಣ್ಣ ಮುಂದೆ ಬರುತ್ತಿತ್ತು. ನಾನು ಹೊಡೆಯದಿದ್ದರೆ ಅವನಿಗೆ ಒಂದು ಏಟು ಕಡಿಮೆಯಾಗುತ್ತದೆ, ನನಗೆ ಮಾವನಿಂದ ಬೈಗುಳ ಸಿಗುತ್ತದೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಇಷ್ಟು ವರ್ಷ ಸಾಲಿನಲ್ಲಿ ನಿಂತವನಿಗೆ ಸಾಲು ಏನೆಂದು ತಿಳಿದಿರಲಿಲ್ಲ. ಏಟು ತಿನ್ನುವವನು ಏಟಿಲ್ಲದ ಕಡೆಗೆ ಓಡುತ್ತಾನೆ. ಎಲ್ಲರ ಕೈಯಲ್ಲೂ ಕೋಲಿದ್ದಾಗ ಏಟಿಲ್ಲದ ಕಡೆ ಎಂದರೆ ಒಳಬಾಗಿಲು ಒಂದೇ, ಅದಕ್ಕೇ ಎಲ್ಲರೂ ಆ ಕಡೆ ಓಡುತ್ತಾರೆ, ಓಡಿ ಬದುಕುತ್ತಾರೆ. ಈ ಹಮಾಲಿ ತಲೆ ಎತ್ತಿ ನೋಡಿದ. ನನ್ನ ಕೈ ಖಾಲಿ ಕಂಡಿತು. ನೇರ ನನ್ನ ಹತ್ತಿರ ಬಂದ.

ಬಂದು ನನ್ನ ಹಿಂದೆ, ಗೋಡೆಗೂ ನನಗೂ ನಡುವೆ ನುಗ್ಗಿ, ನನ್ನ ಬೆಲ್ಟು ಹಿಡಿದುಕೊಂಡ. ಮೂಟೆ ಹೊರುವ ಕೈ, ಬಿಡಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಸಾಲು ಒಡೆದು ಎಲ್ಲರೂ ನಮ್ಮ ಮೇಲೆ ಬಿದ್ದರು. ಅವನಿಗೆ ಎಂದು ಎತ್ತಿದ್ದು ನನಗೆ ಬಿತ್ತು. "ಪಕ್ಕಕ್ಕೆ ಬಾರೋ, ಬಾರೋ ಈ ಕಡೆ!" ಎಂದು ಮಾವ ಕೂಗುತ್ತಲೇ ಹೊಡೆಯುತ್ತಿದ್ದರು. ನನ್ನ ಎಡಗಣ್ಣಿಗೆ ಚುಚ್ಚಿದ್ದು ಮಾವನ ಕೋಲಿನ ತುದಿ. ಒಣಗಿದ ಕೋಲು. ಮೊಟ್ಟೆ ಒಡೆದ ಹಾಗೆ ಅನಿಸಿತು, ನೋವು ಆಮೇಲೆ ಬಂತು. ನಾನು ಕೆಳಗೆ ಬಿದ್ದ ಮೇಲೆ ಅವನು ಅವರ ಕೈಗೆ ಸಿಕ್ಕಿದ.

ಆ ದಿನ ಸಂಜೆಯೇ ಅವನು ಸೆಲ್ಲಿನಲ್ಲಿ ಸತ್ತ. ಅತ್ತಿಗೆ ನಿನಗೆ ಇದನ್ನು ಬರೆಯಲಿಲ್ಲ. ನೀನು ಕತ್ತರಿಸಿದ್ದು ಹೂತ ಹೆಣದ ಕೈಯನ್ನು.

ಓಡಿದ್ದರೆ ಬದುಕುತ್ತಿದ್ದನೇನೋ. ನನ್ನ ಹತ್ತಿರ ನಿಂತದ್ದಕ್ಕೆ ಸತ್ತ.

ಮಾವ ಮಂಚದ ಪಕ್ಕ ಕೂತು ನನ್ನ ಕಾಲು ಹಿಡಿದುಕೊಂಡರು. "ನೀನು ಹೇಳಬೇಕಾದ್ದು ಇಷ್ಟೇ ಮಗಾ. ಅವನು ಕೋಲು ಕಸ್ಕೊಂಡ, ನಿನಗೆ ಹೊಡೆದ, ನಿನ್ನ ಜೀವ ಉಳಿಸೋಕೆ ನಾವು ಅವನನ್ನ ತಡೆದ್ವಿ. ಸತ್ತೋನಿಗೆ ಏನು ನಷ್ಟ? ಅವನಿಗೆ ಹಿಂದಿಲ್ಲ ಮುಂದಿಲ್ಲ. ನನ್ನ ಮನೆಲಿ ಮೂರು ಹೆಣ್ಣುಮಕ್ಕಳು." ಅವರ ಅಳು ಸುಳ್ಳಲ್ಲ ತಂಗಿ. ನನ್ನನ್ನು ಮಗನಂತೆಯೇ ನೋಡಿಕೊಂಡವರು.

ಯಾರ ಮಾತು ಕೇಳಲಿ? ಮಾರ್ಚಿನ ತಂಗಿಯದೋ, ಏಪ್ರಿಲಿನ ತಂಗಿಯದೋ? ಉತ್ತರ ಬರೆಯಬೇಡ. ವಿಚಾರಣೆ ಇನ್ನು ನಾಲ್ಕೈದು ದಿನದಲ್ಲಿದೆ, ನಿನ್ನ ಪತ್ರ ಅಷ್ಟರಲ್ಲಿ ಮುಟ್ಟುವುದಿಲ್ಲ. ಬೇಕೆಂದೇ ಈಗ ಬರೆದೆ. ಹೋದ ಸಲ ನಿನ್ನ ನಂಬಿಕೆಯನ್ನು ಕಡ ತಂದು ನಿಂತೆ. ಈ ಸಲ ನನ್ನದೆಂಬುದು ಏನಾದರೂ ಇದೆಯೋ ನೋಡಬೇಕು.

ಅಣ್ಣ


ಮೇ ೩

ಅಣ್ಣ,

ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ವಿಚಾರಣೆ ಮುಂದಕ್ಕೆ ಹೋಗಿರಲಿ, ಅಧಿಕಾರಿಗೆ ಜ್ವರ ಬಂದಿರಲಿ.

ಸುಳ್ಳು ಹೇಳು. ಕೇಳಿಸಿತೇ? ನಾನೇ ಹೇಳುತ್ತಿದ್ದೇನೆ, ಸುಳ್ಳು ಹೇಳು. ಅವನು ಸತ್ತಿದ್ದಾನೆ, ಸತ್ತವನಿಗೆ ಸುಳ್ಳು ತಾಗುವುದಿಲ್ಲ. ನಿಜ ಹೇಳಿದರೆ ನಿನ್ನನ್ನು ಅವರು ಉಳಿಸುವುದಿಲ್ಲ. ಕಣ್ಣು ಒಂದೇ ಇರುವ ಅಣ್ಣ ನನಗೆ ಸಾಕು. ಅಣ್ಣನೇ ಇಲ್ಲದ ಸತ್ಯ ಬೇಡ. ಪಾಪ ಇದ್ದರೆ ನನ್ನ ತಲೆಗಿರಲಿ, ನಾನು ಹೊರುತ್ತೇನೆ.

ನಾನು ಬರೆದೆ, "ನಿನ್ನ ಕೂದಲೂ ಕೊಂಕುವುದಿಲ್ಲ" ಎಂದು. ನನಗೆ ಯಾರು ಹೇಳಿದ್ದರು ಹಾಗೆ? ಯಾರೂ ಹೇಳಿರಲಿಲ್ಲ. ಕರಪತ್ರದಲ್ಲೂ ಇರಲಿಲ್ಲ. ನಾನೇ ಸೇರಿಸಿದ್ದು.

ತಂಗಿ


ಮೇ ೨೪

ತಂಗಿ,

ನಿನ್ನ ಪತ್ರ ವಿಚಾರಣೆ ಮುಗಿದ ಮೇಲೆ ಬಂತು. ಪಾಪವನ್ನು ಪಾರ್ಸೆಲ್ ಮಾಡಲಾಗುವುದಿಲ್ಲ ಕಣೇ, ಮಾಡಲಾಗಿದ್ದರೆ ನನ್ನ ಹಳೆಯದನ್ನೆಲ್ಲ ಎಂದೋ ನಿನ್ನ ವಿಳಾಸಕ್ಕೆ ಕಳಿಸುತ್ತಿದ್ದೆ. ಈ ಪತ್ರವನ್ನು ಅತ್ತಿಗೆಯ ಕೈಯಲ್ಲಿ ಕೊಡುತ್ತಿದ್ದೇನೆ. ನಾನೀಗ ಬೀಗದ ಒಳಗಡೆ ಇದ್ದೇನೆ.

ವಿಚಾರಣೆ ಜೈಲಿನ ಆಫೀಸಿನಲ್ಲೇ ನಡೆಯಿತು. ಫ್ಯಾನು ಕಿರುಗುಡುತ್ತಿತ್ತು. ನನ್ನ ದವಡೆಯ ತಂತಿ ಬಿಚ್ಚಿ ಎರಡೇ ದಿನವಾಗಿತ್ತು. ಸಾಲಿನವರೆಲ್ಲ ಗೋಡೆಗುಂಟ ಬೆಂಚಿನ ಮೇಲೆ ಕೂತಿದ್ದರು. ಮಾವ ನನಗೆ ಕುರ್ಚಿ ಎಳೆದುಕೊಟ್ಟು, ಹೆಗಲ ಮೇಲೆ ಕೈಯಿಟ್ಟು ಹೋದರು.

ಹೇಳುವುದರಿಂದ ಯಾರಿಗೆ ಲಾಭ ಅಂತ ಹುಡುಕಿದೆ. ಸಿಗಲಿಲ್ಲ. ಸತ್ತವನು ಏಳುವುದಿಲ್ಲ, ಕಣ್ಣು ಬರುವುದಿಲ್ಲ, ಅತ್ತಿಗೆಗೆ ಮನೆ ಹೋಗುತ್ತದೆ, ಮಾವನ ಹೆಣ್ಣುಮಕ್ಕಳು ಅಳುತ್ತಾರೆ. ಕೊನೆಗೆ ಉಳಿದದ್ದು ಒಂದೇ, ಸುಳ್ಳುಸಾಕ್ಷಿ ಬೇಡ ಅಂತ ಪ್ರಭು ಹೇಳಿದ್ದಾನೆ. ಅವನು ಹೇಳಿದ್ದಾನೆ ಅನ್ನುವುದು ಬಿಟ್ಟು ಬೇರೆ ಕಾರಣವೇ ಇರಲಿಲ್ಲ. ಹಾಗೆ ಬರಿಗೈಯಲ್ಲಿ ಕೂತಾಗಲೇ ನನಗೆ ಗೊತ್ತಾಯಿತು, ನಾನು ಅವನನ್ನು ನಂಬಿದ್ದೇನೆ ಅಂತ. ಇಷ್ಟು ವರ್ಷ ಹಾಡಿದಾಗ ಗೊತ್ತಾಗಿರಲಿಲ್ಲ.

"ಹೊಡೆದದ್ದು ಯಾರು?" ಎಂದರು ಅಧಿಕಾರಿ.

"ನಾವು ಸಾರ್. ಅವನು ಯಾರಿಗೂ ಹೊಡೀಲಿಲ್ಲ. ನನ್ನ ಬೆಲ್ಟು ಹಿಡ್ಕೊಂಡಿದ್ದ, ಅಷ್ಟೇ. ಸಾಲು ಅನ್ನೋದು ಇದೆ. ನಾನೂ ಅದರಲ್ಲಿ ನಿಂತು ಹೊಡೆದಿದ್ದೀನಿ, ಆವತ್ತು ಬಿಟ್ಟು ಎಲ್ಲಾ ದಿನ."

ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಅವನಿಗೆ ಹಿಂದಿಲ್ಲ ಮುಂದಿಲ್ಲ ಅಂದಿದ್ದರಲ್ಲ, ಇದ್ದಳು. ತಾಯಿ. ಬಂದವಳೇ ನನ್ನ ಕೆನ್ನೆಗೆ ಬಾರಿಸಿದಳು, ಹೊಲಿಗೆ ಇರುವ ಕಡೆಗೇ. ಇನ್ನೊಂದು ಕೆನ್ನೆ ತೋರಿಸುವಷ್ಟು ಪುಣ್ಯವಂತ ನಾನಲ್ಲ, ನೆಲಕ್ಕೆ ಕುಸಿದು ಕೂತೆ. ಅವಳೂ ಎದುರಿಗೆ ಕೂತಳು. ನನ್ನ ಅಂಗಿ ಹಿಡಿದು, "ಏನಾದ್ರೂ ಅಂದ್ನಾ? ಹಿಡ್ಕೊಂಡಾಗ ಏನಾದ್ರೂ ಅಂದ್ನಾ ನನ್ನ ಮಗ?" ಅಂದಳು.

"ಬಿಡಬೇಡಿ ಸಾರ್ ಅಂದ."

"ನೀನು ಬಿಟ್ಯಾ?"

"ನಾನು ಬಿದ್ದೆ ಅಮ್ಮ."

ಅವಳು ಬಹಳ ಹೊತ್ತು ನನ್ನ ಅಂಗಿ ಬಿಡಲಿಲ್ಲ.

ಉಳಿದವರೆಲ್ಲ ಸಾಲೂ ಇಲ್ಲ ಕೋಲೂ ಇಲ್ಲ ಅಂದರು. ಒಪ್ಪಿಕೊಂಡವನು ನಾನೊಬ್ಬ, ಹಾಗಾಗಿ ಸದ್ಯಕ್ಕೆ ಅಪರಾಧಿಯೂ ನಾನೊಬ್ಬ. ಬೇರೆ ಜೈಲಿನಲ್ಲಿ ಜಾಗ ಇಲ್ಲವೆಂದು ಇಲ್ಲಿಗೇ ತಂದರು. ವ್ಯಾನು ಅದೇ ಜಾಗದಲ್ಲಿ ನಿಂತಿತು.

ಬೇಗ ಓಡಿದವನಿಗೆ ಕಡಿಮೆ ಅಂತ ನನಗೆ ಗೊತ್ತಲ್ಲ, ಆದರೆ ಪಕ್ಕೆಲುಬು ಓಡಲು ಬಿಡಲಿಲ್ಲ. ನಡೆದೆ. ಬಲಗಡೆಯವರು ಕಂಡರು. ಎಡಗಡೆಯವರು ಕಾಣಲಿಲ್ಲ, ಆದರೂ ಯಾರು ಯಾರೆಂದು ಏಟಿನಿಂದಲೇ ಗುರುತು ಸಿಕ್ಕಿತು. ಪಕ್ಕದಲ್ಲಿ ಇಷ್ಟು ವರ್ಷ ನಿಂತಿದ್ದೆನಲ್ಲ. ಕೊನೆಯಲ್ಲಿ ಮಾವ. ಅವರು ಹೊಡೆಯುವಾಗಲೂ ಅಳುತ್ತಿದ್ದರು. ಬಲಗೈ ಎರಡು ಕಡೆ ಮುರಿದಿದೆ, ಇದನ್ನು ಪಕ್ಕದ ಸೆಲ್ಲಿನವನು ಬರೆಯುತ್ತಿದ್ದಾನೆ. ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ ಅಲ್ಲವೇ?

ಹೆದರಿಕೆಯಾಯಿತು ತಂಗಿ, ಸುಳ್ಳು ಹೇಳುವುದಿಲ್ಲ. ಆದರೆ ಈ ಸಲ ಹೆದರಿದ್ದು ನಿನ್ನ ಬಾಯಿಗಲ್ಲ.

ಅಣ್ಣ


ಜೂನ್ ೧೬

ಅಣ್ಣ,

ಪ್ರೆಸ್ಸು ಬಿಟ್ಟೆ. ಅಮ್ಮನನ್ನೂ ಕರೆದುಕೊಂಡು ಬಂದಿದ್ದೇನೆ. ಅತ್ತಿಗೆಯನ್ನು ಕ್ವಾರ್ಟರ್ಸಿನಿಂದ ಹೊರಗೆ ಹಾಕಿದ ದಿನವೇ ತಲುಪಿದೆವು. ಈಗ ಮೂವರೂ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೇವೆ. ಅತ್ತಿಗೆ ನನ್ನ ಜೊತೆ ಮಾತಾಡುವುದಿಲ್ಲ. ಊಟದ ಹೊತ್ತಿಗೆ ತಟ್ಟೆ ಮಾತ್ರ ನನ್ನ ಮುಂದೆ ತಂದಿಡುತ್ತಾರೆ, ಸ್ವಲ್ಪ ಜೋರಾಗಿ.

ಈ ಪತ್ರವನ್ನು ನಿನ್ನ ಗೋಡೆಯ ಈಚೆ, ದೊಡ್ಡ ಗೇಟಿನ ಎದುರು ಚರಂಡಿಯ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಹಮಾಲಿಯ ತಾಯಿ ಕೂತಿದ್ದಾರೆ. ನಾನು ಯಾರೆಂದು ಹೇಳಿ, ಕೋಲು ಇಡು ಎಂದು ಹೇಳಿದವಳು ನಾನೇ ಎಂದೂ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡೆ. "ನಿನಗೆ ಹೊಡೆದು ಏನು ಮಾಡ್ಲಿ, ಮೈಮೇಲೆ ಮಾಂಸಾನೇ ಇಲ್ಲ. ಕೂತ್ಕೋ" ಎಂದರು.

ನಾವು ಮಾಡುವುದು ಇಷ್ಟು. ವ್ಯಾನು ಬಂದು ಗೇಟು ತೆಗೆಯುವಷ್ಟು ಹೊತ್ತು ನಿಲ್ಲುತ್ತದಲ್ಲ, ಆಗ ಎದ್ದು ಅದರ ಮುಂದೆ ನಿಲ್ಲುತ್ತೇವೆ. ಕಿಟಕಿಯ ಸರಳಿನಲ್ಲಿ ಕಾಣುವವನನ್ನು ಕೂಗಿ ಹೆಸರು, ಊರು, ಮನೆಯವರು ಯಾರು ಎಂದು ಕೇಳುತ್ತೇವೆ. ಆಮೇಲೆ ಗೇಟಿನ ಒಳಗೆ ನಿಂತವರಿಗೆ ಕೇಳುವ ಹಾಗೆ ಹೇಳುತ್ತೇವೆ, "ಇವನಿಗೆ ಎರಡು ಕಣ್ಣೂ ಇವೆ! ಹಲ್ಲೆಲ್ಲ ಇವೆ! ಕೈಕಾಲು ನೆಟ್ಟಗಿವೆ, ನಾವು ನೋಡಿದ್ದೀವಿ!" ಮೊದಲ ದಿನ ಕಾವಲಿನವರು ನಕ್ಕರು. ಎರಡನೆಯ ದಿನ ಕೂದಲು ಹಿಡಿದು ಎಳೆದು ಹಾಕಿದರು. ಹೋದ ಸೋಮವಾರ ನಿನ್ನ ಮಾವನೇ ಹೊರಗೆ ಬಂದು, "ಯಾಕಮ್ಮಾ ಹೀಗೆ ಮಾಡ್ತೀಯ, ನೀನು ನನ್ನ ಮಗಳ ಥರ" ಅಂದರು. ನಾನು ಸರಿಯಲಿಲ್ಲ. ಕಾವಲಿನವನು ಬಂದೂಕಿನ ಹಿಂಬದಿಯಿಂದ ಬಾಯಿಗೆ ಗುದ್ದಿದ. ಕೆಳಗಿನ ಎರಡು ಹಲ್ಲು ಹೋದವು. ಮಾತು ಸ್ವಲ್ಪ ಸೀಟಿ ಹೊಡೆದ ಹಾಗೆ ಬರುತ್ತದೆ, ಆದರೆ ಕೂಗಿದರೆ ಕೇಳಿಸುತ್ತದೆ.

ಒಳಗೆ ಓಣಿಯಲ್ಲಿ ಏನಾದರೂ ಬದಲಾಗಿದೆಯೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ಇದು ದೇವರು ಹೇಳಿದ್ದೋ ನಾನೇ ಅಂದುಕೊಂಡದ್ದೋ, ಅದನ್ನೂ ಗಟ್ಟಿಯಾಗಿ ಹೇಳಲಾರೆ. ಮೊದಲು ಹೇಳುತ್ತಿದ್ದೆ. ಈ ಸಲ ಏಟು ಬೀಳುವುದು ನನ್ನ ಬಾಯಿಗೆ, ಬೇರೆಯವರ ಕಣ್ಣಿಗಲ್ಲ. ಸದ್ಯಕ್ಕೆ ನನ್ನ ಹತ್ತಿರ ಇರುವುದು ಅಷ್ಟೇ.

ರಸ್ತೆಯ ತಿರುವಿನಲ್ಲಿ ಧೂಳು ಕಾಣುತ್ತಿದೆ. ಆ ತಾಯಿ ಮಂಡಿಗೆ ಕೈಯೂರಿ ಎದ್ದರು. ನನಗೂ ಕೈ ಕೊಟ್ಟರು.

ವ್ಯಾನು ಬಂತು.